ಮದುವೆಗೆ ಸಾಕ್ಷಿ ಯಾರು?

ಹದಿನಾರನೆಯ ಶತಮಾನದ ಪ್ರಾಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಮದುವೆಯನ್ನು ಕ್ಷೌರದ ಪಕ್ಕದಲ್ಲಿ ಕೂರಿಸಿದ್ದಾನೆ ಎಂದರೆ ನಮ್ಮ ಕಡೆಯ ಕ್ರೈಸ್ತರಲ್ಲಿ ಹಲವರು ನಂಬುವುದಿಲ್ಲ. ತನ್ನ ಮುಖ್ಯ ಕೃತಿಯಾದ ‘ಇನ್‌ಸ್ಟಿಟ್ಯೂಟ್ಸ್’ನ ನಾಲ್ಕನೆಯ ಭಾಗದಲ್ಲಿ, ಮದುವೆ ಏಕೆ ಸಂಸ್ಕಾರವಲ್ಲ (ಎಂದರೆ ದೇವರ ಕೃಪೆಯ ಗುರುತಾದ ಪವಿತ್ರ ವಿಧಿಯಲ್ಲ) ಎಂದು ವಾದಿಸುವಾಗ, ಅದು ದೇವರು ನೇಮಿಸಿದ ಒಳ್ಳೆಯ, ಪವಿತ್ರವಾದ ಏರ್ಪಾಡು ಎಂಬುದನ್ನು ಆತ ಮೊದಲಿಗೇ ಒಪ್ಪಿಕೊಳ್ಳುತ್ತಾನೆ, ಆದರೆ ಬೇಸಾಯ, ಮನೆ ಕಟ್ಟುವ ಕೆಲಸ, ಚಪ್ಪಲಿ ಹೊಲಿಯುವುದು, ಕ್ಷೌರ ಇವೂ ದೇವರು ನೇಮಿಸಿದ ಏರ್ಪಾಡುಗಳೇ, ಇವನ್ನು ಯಾರೂ ಸಂಸ್ಕಾರವೆಂದು ಕರೆಯುವುದಿಲ್ಲವಲ್ಲ ಎಂದು ಬೆನ್ನಿಗೇ ಕೇಳುತ್ತಾನೆ. ಹಾಸನದಲ್ಲಿ ಕ್ರೈಸ್ತ ಮನೆಯ ಮದುವೆ ಎಂದರೆ ಬಿಳಿ ಸೀರೆ, ಆರಾಧನಾಲಯದ ನಡುವಿನ ಕೆಂಪು ಹಾಸು, ಆಮೇಲೆ ಬಿ.ಎಂ. ರಸ್ತೆಯ ಕಲ್ಯಾಣ ಮಂಟಪದಲ್ಲಿ ಬಿರಿಯಾನಿ. ಇಷ್ಟು ಸಡಗರದ ನಡುವೆ ನಿಂತವರಿಗೆ ಕ್ಯಾಲ್ವಿನನ ಮಾತು ಮದುವೆಯ ಮರ್ಯಾದೆ ಕಳೆದಂತೆ ಕೇಳಿಸುತ್ತದೆ. ನನಗೆ ಮಾತ್ರ, ಹಲವು ವರ್ಷಗಳಿಂದ ಸಭೆಯ (ಚರ್ಚಿನ) ಹಿರಿಯನಾಗಿ ಮದುವೆಯ ರಿಜಿಸ್ಟರಿನ ಮೇಲೆ ಸಹಿ ಹಾಕುತ್ತ ಬಂದ ಮೇಲೆ, ಕ್ಯಾಲ್ವಿನನಂಥವರಿಂದ ಬೆಳೆದ ರಿಫಾರ್ಮ್ಡ್ ಪರಂಪರೆಯು ಮದುವೆಯ ಬಗ್ಗೆ ಹೇಳಿದ ಮಾತುಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟ ಮಾತು ಇನ್ನೊಂದಿಲ್ಲ ಎನ್ನಿಸಿದೆ.

ಈ ವಾದ ನಡೆದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1563ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯು ಮದುವೆ ಏಳು ಸಂಸ್ಕಾರಗಳಲ್ಲಿ ಒಂದು ಎಂಬುದನ್ನು ಮತ್ತೆ ಖಚಿತಪಡಿಸಿ, ಅದನ್ನು ಒಪ್ಪದವರನ್ನು ಖಂಡಿಸಿತು. ಅದೇ ವರ್ಷ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಪ್ರಕಟವಾದ ರಿಫಾರ್ಮ್ಡ್ ಪ್ರಶ್ನೋತ್ತರವು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡೇ ಸಂಸ್ಕಾರಗಳನ್ನು ಎಣಿಸಿ, ಮದುವೆಯ ಮಾತನ್ನು ಹತ್ತು ಆಜ್ಞೆಗಳ ವಿವರಣೆಯಲ್ಲಿ, ಏಳನೆಯ ಆಜ್ಞೆಯ ಕೆಳಗೆ ಇಟ್ಟಿತು. ಚಿಕ್ಕಮಗಳೂರಿನ ಸಂತ ಜೋಸೆಫರ ಕೆಥೆಡ್ರಲ್‌ಗೆ ಹೋಗುವ ನನ್ನ ಕ್ಯಾಥೊಲಿಕ್ ನೆಂಟರ ಮದುವೆಗಳಲ್ಲಿ ನಾನು ಮನಃಪೂರ್ವಕವಾಗಿ ಕೂತಿದ್ದೇನೆ. ಅವರಲ್ಲಿ ವಧೂವರರು ಒಬ್ಬರಿಗೊಬ್ಬರು ಕೊಡುವ ಒಪ್ಪಿಗೆಯೇ ಕೃಪೆಯನ್ನು ತರುವ ಗುರುತಾಗುತ್ತದೆ. ನಮ್ಮವರು ಹೇಳುವುದು ಹೀಗೆ: ಕ್ರಿಸ್ತನು ತನ್ನ ಸಭೆಗೆಂದು ಸ್ಥಾಪಿಸಿ, ಪಾಪಕ್ಷಮೆಯ ವಾಗ್ದಾನವನ್ನು ಅಂಟಿಸಿಕೊಟ್ಟ ಗುರುತು ಮಾತ್ರ ಸಂಸ್ಕಾರ. ಮದುವೆಯು ಸಭೆಗಿಂತ ಹಳೆಯದು. ಅದು ಮೊದಲ ಮನುಷ್ಯರಿದ್ದ ಏದೆನ್ ತೋಟದಲ್ಲಿ, ಪಾಪವೂ ಇಲ್ಲದ, ಸಭೆಯೂ ಇಲ್ಲದ ಕಾಲದಲ್ಲಿ, ಇಡೀ ಮನುಷ್ಯ ಜಾತಿಗೆ ಕೊಟ್ಟದ್ದು.

ಇಲ್ಲಿಂದ ಹೊರಡುವ ಒಂದು ದಾರಿ ನಮ್ಮಂಥ ಊರಿಗೆ ಬಹಳ ಮುಖ್ಯ. ಮದುವೆಯು ಸೃಷ್ಟಿಯ ಏರ್ಪಾಡಾದರೆ, ಪಕ್ಕದ ಮನೆಯ ಗೌಡರು ಧಾರೆ ಎರೆದು ಮಗಳನ್ನು ಕೊಟ್ಟ ಮದುವೆಯೂ ದೇವರ ಕಣ್ಣಿನಲ್ಲಿ ಪೂರ್ತಿ ಮದುವೆಯೇ. ನಮ್ಮದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ. 1645ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್ಸ್ಟರ್‌ನಲ್ಲಿ ಕೂಡಿದ ಧರ್ಮಪಂಡಿತರ ಸಭೆಯವರು ಸಿದ್ಧಪಡಿಸಿದ ಆರಾಧನಾ ಕೈಪಿಡಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಮದುವೆ ಸಂಸ್ಕಾರವಲ್ಲ, ಅದು ದೇವರ ಸಭೆಗೆ ಮಾತ್ರ ಸೇರಿದ್ದೂ ಅಲ್ಲ, ಮನುಷ್ಯರೆಲ್ಲರಿಗೂ ಸಾಮಾನ್ಯವಾದದ್ದು ಮತ್ತು ಪ್ರತಿಯೊಂದು ರಾಜ್ಯದ ಸಾರ್ವಜನಿಕ ಹಿತಕ್ಕೆ ಸಂಬಂಧಪಟ್ಟದ್ದು. ಆದರೂ ವಿಶ್ವಾಸಿಗಳು ಕರ್ತನಲ್ಲಿ ಮದುವೆಯಾಗಬೇಕಾದ್ದರಿಂದ, ಅವರಿಗೆ ವಾಕ್ಯದ ಉಪದೇಶವೂ ಆಶೀರ್ವಾದವೂ ಬೇಕಾದ್ದರಿಂದ, ಸಭಾಪಾಲಕರ (ಪಾದ್ರಿಯ) ಮುಂದೆ ನಡೆಯುವುದು ಒಳ್ಳೆಯದು ಎಂದು ಆಮೇಲೆ ಸೇರಿಸುತ್ತದೆ. ಅದೇ ಪರಂಪರೆಯ, ಇಂಗ್ಲೆಂಡಿನ ಕಟ್ಟಾ ಸುಧಾರಣಾವಾದಿಗಳಾದ ಪ್ಯೂರಿಟನ್ ವಲಸಿಗರು ಅಮೆರಿಕದ ಪ್ಲಿಮತ್‌ನಲ್ಲಿ 1621ರಲ್ಲಿ ನಡೆಸಿದ ಮೊದಲ ಮದುವೆಗೆ ಪಾದ್ರಿಯೇ ಇರಲಿಲ್ಲ; ಊರಿನ ಅಧಿಕಾರಿಯ ಮುಂದೆ ಅದು ನಡೆಯಿತು. ಕುವೆಂಪು ರೂಪಿಸಿದ, ಮುಂದೆ ಮೂಡಿಗೆರೆಯಲ್ಲಿ ನೆಲೆಸಿದ ಮಗ ತೇಜಸ್ವಿಯವರ ಮದುವೆಯಲ್ಲಿ ಪಾಲಿಸಿದ, ಪುರೋಹಿತರಿಲ್ಲದ ಮಂತ್ರ ಮಾಂಗಲ್ಯವನ್ನು ಕಂಡು ನಮ್ಮ ಕೆಲವು ಕ್ರೈಸ್ತರು ‘ಅದೂ ಒಂದು ಮದುವೆಯಾ’ ಎಂದು ಮೂಗು ಮುರಿದದ್ದನ್ನು ಕೇಳಿದ್ದೇನೆ. ಪುರೋಹಿತನಿಲ್ಲ ಎಂಬ ಕಾರಣಕ್ಕೆ ಮದುವೆ ಮದುವೆಯಲ್ಲ ಎನ್ನುವವರು ಪ್ಲಿಮತ್‌ನವರಿಗೂ ಅದನ್ನೇ ಹೇಳಬೇಕಾಗುತ್ತದೆ.

ಹಾಗೆಂದು ಸಂಸ್ಕಾರದ ಪಟ್ಟಿಯಿಂದ ತೆಗೆದ ಮದುವೆಯನ್ನು ಸುಧಾರಕರು ಬೀದಿಗೆ ಬಿಡಲಿಲ್ಲ. ಅದನ್ನು ಅವರು ಒಡಂಬಡಿಕೆಯ, ಎಂದರೆ ದೇವರ ಮುಂದೆ ಕೊಟ್ಟ ಮಾತಿನ, ಅಡಿಗೆ ತಂದರು. ಇದಕ್ಕೆ ಅವರು ಮತ್ತೆ ಮತ್ತೆ ತೆರೆಯುತ್ತಿದ್ದ ಪುಟ ಬೈಬಲಿನಲ್ಲಿ ಪ್ರವಾದಿ ಮಲಾಕಿಯನ ಪುಸ್ತಕದ ಎರಡನೆಯ ಅಧ್ಯಾಯ. ಯೌವನದಲ್ಲಿ ಕೈ ಹಿಡಿದ ಹೆಂಡತಿಗೆ ದ್ರೋಹ ಬಗೆದು, ಆಮೇಲೆ ಯಜ್ಞವೇದಿಯನ್ನು ಕಣ್ಣೀರಿನಿಂದ ತೋಯಿಸಿ, ನಮ್ಮ ಕಾಣಿಕೆ ದೇವರಿಗೆ ಏಕೆ ಸಲ್ಲುತ್ತಿಲ್ಲ ಎಂದು ಕೇಳುವ ಗಂಡಸರಿಗೆ ಪ್ರವಾದಿ ಕೊಡುವ ಉತ್ತರ ಒಂದೇ: ನಿನಗೂ ಅವಳಿಗೂ ನಡುವೆ ಕರ್ತನು ಸಾಕ್ಷಿಯಾಗಿದ್ದಾನೆ, ಅವಳು ನಿನ್ನ ಒಡಂಬಡಿಕೆಯ ಹೆಂಡತಿ. ಕ್ಯಾಲ್ವಿನ್ ಈ ಭಾಗವನ್ನು ವಿವರಿಸುವಾಗ ಮದುವೆ ಎಂಬ ಒಪ್ಪಂದದ ಕರ್ತೃ ದೇವರೇ ಎಂಬುದನ್ನು ಒತ್ತಿ ಹೇಳುತ್ತಾನೆ. ಗಂಡು ಹೆಣ್ಣಿನ ಮಾತಿನಲ್ಲಿ ಮೂರನೆಯವನೊಬ್ಬ ಪಾಲುದಾರನಾಗಿದ್ದಾನೆ. ಮಾತು ತಪ್ಪಿದವನು ಸಂಗಾತಿಗೆ ಮಾತ್ರ ತಪ್ಪಲಿಲ್ಲ, ಆ ಮೂರನೆಯವನಿಗೂ ತಪ್ಪಿದ.

ನಾವು ಈ ಸಾಕ್ಷಿಯನ್ನು ಎಷ್ಟು ಹಗುರಾಗಿ ತೆಗೆದುಕೊಂಡಿದ್ದೇವೆ ಎಂಬುದು ನನ್ನನ್ನು ಕಾಡುವ ವಿಷಯ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮೀನಿನ ಕ್ರಯಪತ್ರಕ್ಕೆ ಸಹಿ ಹಾಕಲು ಗುರುತಿನವರೊಬ್ಬರನ್ನು ಕರೆದೊಯ್ಯುತ್ತೇವೆ. ಅವರು ಸಹಿ ಹಾಕಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು, ಬಸ್ಸು ಹತ್ತಿದರೆ ಅಲ್ಲಿಗೆ ಅವರ ಕೆಲಸ ಮುಗಿಯಿತು. ಸಭೆಯವರು ಮದುವೆಗೆ ಸಾಕ್ಷಿಯಾಗುವುದು ಈಗ ಹೆಚ್ಚು ಕಡಿಮೆ ಹಾಗೇ ಆಗಿದೆ. ಕ್ಯಾಲ್ವಿನ್ ದುಡಿದ ಜಿನೀವಾದಲ್ಲಿ ಅದು ಬೇರೆ ಥರ ಇತ್ತು. 1540ರ ದಶಕದಲ್ಲಿ ಅಲ್ಲಿ ಹುಟ್ಟಿದ ಕನ್ಸಿಸ್ಟರಿ ಎಂಬ ಮಂಡಳಿಯಲ್ಲಿ ಸಭಾಪಾಲಕರೂ ಊರಿನ ಹಿರಿಯರೂ ವಾರಕ್ಕೊಮ್ಮೆ ಕೂಡುತ್ತಿದ್ದರು. ಅಲ್ಲಿಗೆ ಬಂದ ಪ್ರಕರಣಗಳಲ್ಲಿ ದೊಡ್ಡ ಪಾಲು ಮದುವೆಯವು, ಮಾತು ಕೊಟ್ಟು ತಪ್ಪಿದವರವು, ಜಗಳವಾಡುವ ಗಂಡ ಹೆಂಡಿರವು. ಹೆಂಡತಿಯನ್ನು ಹೊಡೆದ ಗಂಡಂದಿರನ್ನು ಅಲ್ಲಿ ನಿಲ್ಲಿಸಿ ಛೀಮಾರಿ ಹಾಕುತ್ತಿದ್ದರು. ಆ ಮಂಡಳಿಯ ಮೂಗು ತೂರಿಸುವ ಗುಣವನ್ನು ಹಾಸನಕ್ಕೆ ತರಬೇಕೆಂದು ನಾನು ಬಯಸುವುದಿಲ್ಲ. ನಮ್ಮ ಬೀದಿಗಳಲ್ಲಿ ಆ ಕೆಲಸಕ್ಕೆ ಜನರ ಕೊರತೆಯೂ ಇಲ್ಲ. ಆದರೆ ಮದುವೆಯ ದಿನ ಎದ್ದು ನಿಂತು ‘ನಾವು ಸಾಕ್ಷಿ’ ಎಂದವರಿಗೆ ಮರುದಿನದಿಂದ ಒಂದು ಹೊಣೆ ಇದೆ ಎಂಬ ತಿಳಿವಳಿಕೆಯಾದರೂ ಅವರಲ್ಲಿತ್ತು.

ಸಾಕ್ಷಿಯ ಕೆಲಸ ಮದುವೆಗೆ ಮುಂಚೆಯೇ ಶುರುವಾಗುತ್ತದೆ. ಹದಿನಾರನೆಯ ಶತಮಾನದ ಯುರೋಪಿಗೆ ಗುಟ್ಟಿನ ಮದುವೆ ದೊಡ್ಡ ಪಿಡುಗಾಗಿತ್ತು; ಹುಡುಗ ಹುಡುಗಿ ಎಲ್ಲೋ ಕೊಟ್ಟಿಗೆಯಲ್ಲಿ ನಿಂತು ಮಾತು ಕೊಟ್ಟುಕೊಂಡರೂ ಹಳೆಯ ಸಭಾಶಾಸನದ ಪ್ರಕಾರ ಅದು ಮದುವೆಯಾಗಿಬಿಡುತ್ತಿತ್ತು, ಆಮೇಲೆ ಹುಡುಗ ‘ನಾನು ಹೇಳಲೇ ಇಲ್ಲ’ ಎಂದರೆ ಹುಡುಗಿಯ ಗತಿ ಮುಗಿಯುತ್ತಿತ್ತು. ಟ್ರೆಂಟಿನವರೂ ಪಾದ್ರಿ ಮತ್ತು ಸಾಕ್ಷಿಗಳು ಕಡ್ಡಾಯವೆಂದು ಇದಕ್ಕೆ ತಡೆ ಹಾಕಿದರು ಎಂಬುದನ್ನು ನ್ಯಾಯವಾಗಿ ಹೇಳಬೇಕು. ರಿಫಾರ್ಮ್ಡ್ ಊರುಗಳಲ್ಲಿ ಅದಕ್ಕೂ ಮುಂಚೆಯೇ ಪ್ರಯತ್ನ ನಡೆದಿತ್ತು: ಜ್ಯೂರಿಕ್‌ನಲ್ಲಿ 1525ರಲ್ಲೇ ಮದುವೆಯ ನ್ಯಾಯಾಲಯ ಬಂತು, ಜಿನೀವಾದ 1546ರ ವಿವಾಹ ನಿಯಮಾವಳಿಯು ಗುಟ್ಟಿನ ಮಾತುಗಳನ್ನು ತಳ್ಳಿಹಾಕಿ, ಮದುವೆಯನ್ನು ಸಭೆಯ ಮುಂದೆ ಮೊದಲೇ ಪ್ರಕಟಿಸುವುದನ್ನು ವಿಧಿಸಿತು. ಇಂದಿಗೂ ನಮ್ಮಲ್ಲಿ ಮೂರು ಭಾನುವಾರ ಪ್ರಕಟಣೆ ಓದುತ್ತೇವೆ. ‘ಇವರಿಬ್ಬರು ಮದುವೆಯಾಗುವುದಕ್ಕೆ ತಕ್ಕ ಅಡ್ಡಿ ಏನಾದರೂ ಇದ್ದದ್ದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು; ಇದು ಮೊದಲನೆಯ ಪ್ರಕಟಣೆ’ ಎಂದು ಓದುವಾಗ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆನ್ನುತ್ತಾರೆ, ಹುಡುಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಇದನ್ನು ಹಳೆಯ ಶಾಸ್ತ್ರ ಎಂದು ಬಿಟ್ಟುಬಿಡಲು ಸೂಚಿಸಿದವರಿದ್ದಾರೆ. ನಾನು ಒಪ್ಪಿಲ್ಲ. ಆ ಮೂರು ವಾರಗಳಲ್ಲೇ ಗಂಡಿನ ಸಾಲದ ಸಂಗತಿ, ಬೆಂಗಳೂರಿನ ಇನ್ನೊಂದು ಸಂಸಾರದ ಸಂಗತಿ ಬಾಯಿಂದ ಬಾಯಿಗೆ ಹಿರಿಯರ ಕಿವಿಗೆ ಬೀಳುವುದುಂಟು.

ಒಪ್ಪಿಗೆಯ ವಿಷಯವೂ ಹೀಗೇ. 1640ರ ದಶಕದ ವೆಸ್ಟ್‌ಮಿನ್ಸ್ಟರ್ ವಿಶ್ವಾಸ ಅರಿಕೆಯ (ಅದೇ ಸಭೆಯವರು ತಮ್ಮ ನಂಬಿಕೆಯನ್ನು ಬರೆದಿಟ್ಟ ಪತ್ರದ) ಇಪ್ಪತ್ತನಾಲ್ಕನೆಯ ಅಧ್ಯಾಯದ ಪ್ರಕಾರ, ವಿವೇಚನೆಯಿಂದ ಒಪ್ಪಿಗೆ ಕೊಡಬಲ್ಲ ಎಲ್ಲ ಬಗೆಯ ಜನರಿಗೂ ಮದುವೆ ನ್ಯಾಯಸಮ್ಮತ. ಜಿನೀವಾದಲ್ಲಿ ಎಳೆಯರಿಗೆ ತಂದೆಯ ಅನುಮತಿ ಬೇಕಿತ್ತು, ಆದರೆ ಮಕ್ಕಳನ್ನು ಅವರ ಮನಸ್ಸಿಗೆ ವಿರುದ್ಧವಾಗಿ ಮದುವೆಗೆ ದೂಡುವ ಅಧಿಕಾರ ತಂದೆಗಿರಲಿಲ್ಲ. ನಮ್ಮ ಸಭೆಯಲ್ಲಿ ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಬೇರೆ ಬೇರೆಯಾಗಿ ಕರೆದು ಮಾತನಾಡಿಸುವ ಪದ್ಧತಿ ಇದೆ. ಒಮ್ಮೆ ನಾನೂ ಕೂತಿದ್ದ ಕೋಣೆಯಲ್ಲಿ, ಆಲೂರು ಕಡೆಯ ಹುಡುಗಿಯೊಬ್ಬಳ ತಾಯಿಯನ್ನು ನಮ್ಮ ಸಭಾಪಾಲಕರ ಹೆಂಡತಿ ನಯವಾಗಿ ಹೊರಗಿನ ಬೆಂಚಿಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಹುಡುಗಿ ‘ಅಪ್ಪಾಜಿ ಹೂಂ ಅಂದಿದ್ದಾರೆ’ ಎಂದಳು. ಮೇಷ್ಟರಾಗಿ ನಿವೃತ್ತರಾದ ಇನ್ನೊಬ್ಬ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಅಪ್ಪಾಜಿ ಹೂಂ ಅಂದಿದ್ದು ನಮಗೂ ಗೊತ್ತಮ್ಮ, ಅವರಿಗೆ ಮದುವೆಯಾಗಿ ಮೂವತ್ತು ವರ್ಷ ಆಯ್ತು, ನೀನು ಏನಂತೀಯ ಹೇಳು’ ಎಂದರು. ಸುಮಾರು ಹೊತ್ತು ಸುಮ್ಮನಿದ್ದ ಹುಡುಗಿ, ಹುಡುಗ ಒಪ್ಪಿಗೆಯೇ, ಆದರೆ ಬಿ.ಎಡ್. ಪರೀಕ್ಷೆ ಮುಗಿಯುವ ಮುಂಚೆ ಬೇಡ, ಮದುವೆಯಾದ ಮೇಲೆ ಯಾರೂ ಓದಲು ಬಿಡುವುದಿಲ್ಲ ಎಂದಳು. ಎರಡೂ ಮನೆಯವರಿಗೆ ಸಿಟ್ಟು ಬಂತು, ಮಂಟಪದ ಅಡ್ವಾನ್ಸ್ ಹೋಯಿತು, ಮದುವೆ ಕಾಫಿ ಕೊಯ್ಲಿನ ಆಚೆಗೆ ಹೋಯಿತು. ಬೈಬಲಿನ ಆದಿಕಾಂಡದಲ್ಲಿ ಗಂಡಸು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು ಎಂದು ಬರೆದದ್ದನ್ನು ನಾವು ಪ್ರತಿ ಮದುವೆಯಲ್ಲೂ ಓದುತ್ತೇವೆ. ಬಿಡುವುದು ಎಂದರೆ ಬೇರೆ ಮನೆ ಹೂಡಲೇಬೇಕು ಎಂದೇನಲ್ಲ. ಹೊಸ ಮನೆತನದ ತೀರ್ಮಾನಗಳು ಇನ್ನು ಅವರಿಬ್ಬರವು ಎಂಬುದನ್ನು ಎರಡೂ ಕಡೆಯ ಹಿರಿಯರು ಒಪ್ಪಿಕೊಳ್ಳುವುದು ಅದರ ಮೊದಲ ಅರ್ಥ, ಮತ್ತು ನಮ್ಮ ಕಡೆ ಅದೇ ಎಲ್ಲಕ್ಕಿಂತ ಕಷ್ಟದ್ದು.

ಅರಿಕೆಯ ಅದೇ ಅಧ್ಯಾಯದ ಮುಂದಿನ ಭಾಗ ನಮ್ಮವರಿಗೆ ಇನ್ನೂ ಇಕ್ಕಟ್ಟಿನದು. ವಾಕ್ಯದಲ್ಲಿ ನಿಷೇಧಿಸಿದ ರಕ್ತಸಂಬಂಧ, ವಿವಾಹಸಂಬಂಧಗಳ ಒಳಗೆ ಮದುವೆ ಕೂಡದು ಎಂದು ಅದು ಹೇಳುತ್ತದೆ. ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯ ಸೋದರತ್ತೆಯನ್ನೂ ಚಿಕ್ಕಮ್ಮನನ್ನೂ ಹೆಸರಿಸಿ ನಿಷೇಧಿಸುತ್ತದೆ. ಅಕ್ಕನ ಮಗಳನ್ನು ಹೆಸರಿಸುವುದಿಲ್ಲ. ನಂಟಿನ ಅಂತರ ಎರಡರಲ್ಲೂ ಒಂದೇ ಆದ್ದರಿಂದ ರಿಫಾರ್ಮ್ಡ್ ಸಭೆಗಳೂ ಆಂಗ್ಲಿಕನ್ ಸಭೆಯೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದನ್ನು ನಿಷೇಧಿಸಿದವು. ಅಕ್ಕನ ಮಗಳೇ ಮೊದಲ ಹಕ್ಕಿನ ಹೆಣ್ಣು ಎಂದು ತಲೆಮಾರುಗಳಿಂದ ನಂಬಿದ ನಾಡಿನಲ್ಲಿ ಈ ನಿಯಮ ಹೇಗೆ ಕೇಳಿಸಿರಬೇಕು! ಈಗಲೂ ಕ್ರೈಸ್ತರಾಗಿ ಮೂರು ತಲೆಮಾರು ಕಳೆದ ಮನೆಗಳಿಂದಲೂ ಈ ಪ್ರಶ್ನೆ ಬರುತ್ತದೆ, ಆಸ್ತಿ ಹೊರಗೆ ಹೋಗಬಾರದೆಂಬ ಕಾರಣ ಅದರ ಹಿಂದೆ ಸಾಮಾನ್ಯವಾಗಿ ಇರುತ್ತದೆ. ಅತ್ತೆಯ ಮಗಳು, ಮಾವನ ಮಗಳ ವಿಷಯದಲ್ಲಿ ಜಿನೀವಾದವರು ನಡೆದುಕೊಂಡ ರೀತಿ ನನಗೆ ಇಷ್ಟ: ದೇವರ ನಿಯಮ ಇದನ್ನು ನಿಷೇಧಿಸಿಲ್ಲ ಎಂದು ಒಪ್ಪಿಕೊಂಡು, ಬಹುಕಾಲದಿಂದ ರೂಢಿಯಲ್ಲಿಲ್ಲದ್ದರಿಂದ ಜನ ಎಡವುತ್ತಾರೆ, ಸದ್ಯಕ್ಕೆ ಬೇಡ ಎಂದರು. ದೇವರ ನಿಯಮ ಯಾವುದು, ಊರಿನ ಮರ್ಯಾದೆ ಯಾವುದು ಎಂಬುದನ್ನು ಬೇರ್ಪಡಿಸಿ ಹೇಳುವ ಪ್ರಾಮಾಣಿಕತೆ ಅದರಲ್ಲಿದೆ. ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ‘ಕರ್ತನಲ್ಲಿ’ ಮದುವೆಯಾಗಬೇಕು ಎಂಬ ಒಂದೇ ಷರತ್ತನ್ನು ಅಪೊಸ್ತಲ ಪೌಲನು ಹಾಕಿದ್ದರೆ, ನಾವು ಅದರ ಪಕ್ಕದಲ್ಲಿ ಹಳೆಯ ಜಾತಿಯನ್ನೂ ಒಳಪಂಗಡವನ್ನೂ ಮೆಲ್ಲನೆ ಸೇರಿಸಿ, ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲೇ ‘ನಮ್ಮವರೇ ಬೇಕು’ ಎಂದು ಜಾಹೀರಾತು ಹಾಕುತ್ತೇವೆ. ಹಿರಿಯರ ಮಂಡಳಿಯು ಇದನ್ನು ಏಕೆ ಕೇಳುವುದಿಲ್ಲ ಎಂದು ಕೇಳಿದರೆ, ಮಂಡಳಿಯಲ್ಲಿ ಕೂತವರ ಮನೆಯಲ್ಲೂ ಮದುವೆಗೆ ಬಂದ ಮಕ್ಕಳಿದ್ದಾರೆ.

ಮದುವೆ ಯಾತಕ್ಕೆ ಎಂಬ ಪ್ರಶ್ನೆಗೆ ರಿಫಾರ್ಮ್ಡ್ ಉತ್ತರದಲ್ಲಿ ಕಾರಣಗಳ ಸಾಲು ಗಮನಿಸತಕ್ಕದ್ದು. 1549ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕವು ಮಕ್ಕಳನ್ನು ಮೊದಲು, ಪಾಪದಿಂದ ಕಾಪಾಡಿಕೊಳ್ಳುವುದನ್ನು ಎರಡನೆಯದಾಗಿ, ಒಬ್ಬರಿಗೊಬ್ಬರು ಆಸರೆಯಾಗುವುದನ್ನು ಮೂರನೆಯದಾಗಿ ಹೇಳಿತ್ತು. ವೆಸ್ಟ್‌ಮಿನ್ಸ್ಟರ್‌ನವರು ಆಸರೆಯನ್ನು ಮೇಲಕ್ಕೆ ತಂದು, ಗಂಡ ಹೆಂಡಿರ ಪರಸ್ಪರ ಸಹಾಯಕ್ಕಾಗಿ ಎಂದು ಶುರುಮಾಡಿ, ಆಮೇಲೆ ನ್ಯಾಯಸಮ್ಮತ ಸಂತಾನ, ಸಭೆಯ ಬೆಳವಣಿಗೆ, ಅಶುದ್ಧತೆಯ ತಡೆ ಎಂದು ಬರೆದರು. ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲ ಎಂದು ದೇವರು ಹೇಳಿದ್ದು ಮಕ್ಕಳ ಮಾತು ಬರುವುದಕ್ಕೆ ಮುಂಚೆಯೋ ಆಮೇಲೋ ಎಂದು ಆದಿಕಾಂಡದ ಮೊದಲೆರಡು ಅಧ್ಯಾಯಗಳನ್ನು ಹಿಡಿದು ಚರ್ಚಿಸಬಹುದು. ಆದರೆ ಮದುವೆಯಾಗಿ ವರ್ಷ ತುಂಬುವ ಮೊದಲೇ ‘ಏನೂ ವಿಶೇಷ ಇಲ್ವಾ’ ಎಂದು ಕೇಳುವ ನಮ್ಮ ಊರಿನಲ್ಲಿ, ಮಕ್ಕಳಿಲ್ಲದ ದಂಪತಿಗೆ ಈ ಸಾಲು ದೊಡ್ಡ ಬಿಡುಗಡೆ. ಅವರ ಮದುವೆ ಅರೆಕೊರೆಯಾದದ್ದಲ್ಲ. ಕ್ಯಾಲ್ವಿನನ ಮನೆಯನ್ನೇ ನೋಡಬಹುದು. ಸೌಂದರ್ಯ ನೋಡಿ ಮರುಳಾಗುವ ಜಾತಿ ನಾನಲ್ಲ, ತಾಳ್ಮೆಯವಳು, ದುಂದು ಮಾಡದವಳು, ನನ್ನ ಆರೋಗ್ಯ ನೋಡಿಕೊಳ್ಳುವವಳು ಸಿಕ್ಕರೆ ಸಾಕು ಎಂಬ ಅರ್ಥದಲ್ಲಿ ಗೆಳೆಯ ಫರೆಲ್‌ಗೆ ಪತ್ರ ಬರೆದ ಈ ಬ್ರಹ್ಮಚಾರಿ, ಹೆಂಡತಿಯನ್ನಲ್ಲ, ನರ್ಸನ್ನು ಹುಡುಕುತ್ತಿದ್ದಂತಿತ್ತು. 1540ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇಬ್ಬರು ಮಕ್ಕಳ ತಾಯಿಯಾಗಿದ್ದ ವಿಧವೆ ಇಡೆಲೆಟ್ ಡಿ ಬ್ಯೂರೆಯನ್ನು ಮದುವೆಯಾದ. 1542ರಲ್ಲಿ ಹುಟ್ಟಿದ ಮಗ ಉಳಿಯಲಿಲ್ಲ. 1549ರಲ್ಲಿ ಆಕೆ ತೀರಿಕೊಂಡಾಗ ವಿರೆ ಎಂಬ ಜೊತೆಗಾರನಿಗೆ ಬರೆದ ಪತ್ರದಲ್ಲಿ, ನನ್ನ ಬಾಳಿನ ಅತ್ಯುತ್ತಮ ಒಡನಾಡಿಯನ್ನು ಕಳೆದುಕೊಂಡೆ, ನನ್ನ ಸೇವೆಯಲ್ಲಿ ಆಕೆ ನಂಬಿಗಸ್ತ ಸಹಾಯಕಿಯಾಗಿದ್ದಳು ಎಂದು ಹೇಳಿಕೊಂಡ. ಮತ್ತೆ ಮದುವೆಯಾಗಲಿಲ್ಲ. ಮಾತು ಕೊಟ್ಟ ಮೇಲೆ ಬೆಳೆದ ಪ್ರೀತಿ ಅದು. ನೋಡಿ ಒಪ್ಪಿ ಮಾಡಿದ ಮದುವೆಗಳ ನಮ್ಮ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಡನು ಹೆಂಡತಿಗೆ ತಲೆ ಎಂಬ ಪೌಲನ ಮಾತಿನ ಬಗ್ಗೆ ಬಹಳ ಬರೆಯುವ ಆಸೆ ನನಗಿಲ್ಲ, ಬರೆದವರು ಬೇಕಾದಷ್ಟಿದ್ದಾರೆ. 1645ರ ಕೈಪಿಡಿಯಲ್ಲಿ ಹೆಣ್ಣಿನ ಪ್ರಮಾಣದಲ್ಲಿ ‘ವಿಧೇಯಳಾದ’ ಎಂಬ ಮಾತಿದೆ, ಗಂಡಿನದರಲ್ಲಿ ಇಲ್ಲ. ಇಂದಿನ ರಿಫಾರ್ಮ್ಡ್ ಸಭೆಗಳಲ್ಲಿ ಕೆಲವು ಅದನ್ನು ಉಳಿಸಿಕೊಂಡಿವೆ, ಕೆಲವು ಬಿಟ್ಟಿವೆ. ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವನ್ನು ನಾನು ಹಳೆಯ ಅರ್ಥದಲ್ಲೇ ಓದುತ್ತೇನೆ. ಆದರೆ ಅಲ್ಲಿ ಹೆಂಡತಿಯರಿಗೆ ಹೇಳಿದ್ದು ಮೂರು ವಚನ. ಗಂಡಂದಿರಿಗೆ ಹೇಳಿದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಹೆಂಡತಿಯನ್ನು ಅಧೀನದಲ್ಲಿಡು ಎಂಬ ಆಜ್ಞೆ ಗಂಡನಿಗೆ ಎಲ್ಲಿಯೂ ಇಲ್ಲ. ಕ್ರಿಸ್ತನು ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟಂತೆ ನಿನ್ನನ್ನು ಒಪ್ಪಿಸಿಕೊಡು ಎಂದಿದೆ. ಶಿಲುಬೆಯನ್ನು ಮಾದರಿಯಾಗಿ ಕೊಟ್ಟ ಮೇಲೆ ಊಟದ ತಟ್ಟೆ ಎಸೆಯುವ ಹಕ್ಕನ್ನು ಅದರಿಂದ ಎಳೆದು ತೆಗೆಯುವುದು ಹೇಗೆ ಸಾಧ್ಯವೋ ನನಗೆ ತಿಳಿಯದು, ತೆಗೆದವರನ್ನು ಮಾತ್ರ ಕಂಡಿದ್ದೇನೆ.

ಇದರಿಂದಾಗಿಯೇ ವಿಚ್ಛೇದನದ ಮಾತಿಗೆ ಬರಬೇಕಾಗುತ್ತದೆ. ಮದುವೆ ಸಂಸ್ಕಾರವಾಗಿದ್ದ ಕಡೆ, ಸರಿಯಾಗಿ ನಡೆದ ಮದುವೆಯನ್ನು ಬಿಡಿಸುವ ಪ್ರಶ್ನೆಯೇ ಇರಲಿಲ್ಲ. ವ್ಯಭಿಚಾರ ನಡೆದರೂ ಬೇರೆ ವಾಸಕ್ಕೆ ಅನುಮತಿ ಸಿಗುತ್ತಿತ್ತೇ ಹೊರತು ಮರುಮದುವೆಗೆ ಸಿಗುತ್ತಿರಲಿಲ್ಲ. ಒಡಂಬಡಿಕೆ ಎಂದು ಕಂಡವರಿಗೆ, ಒಡಂಬಡಿಕೆಯನ್ನು ಮುರಿಯುವವನೂ ಇರಬಹುದು, ಅವನ ಕೈಗೆ ಸಿಕ್ಕಿ ನೊಂದವಳಿಗೆ ನ್ಯಾಯ ಬೇಕು ಎಂಬುದೂ ಕಂಡಿತು. ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಿಂದ ವ್ಯಭಿಚಾರವನ್ನೂ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಿಂದ ಬೇಕೆಂದೇ ಬಿಟ್ಟುಹೋಗುವುದನ್ನೂ ವೆಸ್ಟ್‌ಮಿನ್ಸ್ಟರ್ ಅರಿಕೆ ಕಾರಣಗಳಾಗಿ ಒಪ್ಪಿತು. ವ್ಯಭಿಚಾರದ ಸಂದರ್ಭದಲ್ಲಿ ನಿರಪರಾಧಿಯಾದವರು ವಿಚ್ಛೇದನ ಪಡೆದು, ತಪ್ಪು ಮಾಡಿದ ಸಂಗಾತಿ ಸತ್ತಿದ್ದರೆ ಹೇಗೋ ಹಾಗೆ ಮತ್ತೊಬ್ಬರನ್ನು ಮದುವೆಯಾಗಬಹುದು ಎಂದಿತು. ಅದರ ಜೊತೆಯಲ್ಲೇ ಮನುಷ್ಯನ ಕೆಟ್ಟ ಮನಸ್ಸು ದೇವರು ಕೂಡಿಸಿದ್ದನ್ನು ಅಗಲಿಸಲು ನೆಪ ಹುಡುಕುತ್ತದೆ ಎಂದು ಎಚ್ಚರಿಸಿ, ಇದು ಬಹಿರಂಗವಾಗಿ, ಕ್ರಮವಾಗಿ ನಡೆಯಬೇಕು, ಸಂಬಂಧಪಟ್ಟವರ ಇಷ್ಟಕ್ಕೇ ಬಿಡಬಾರದು ಎಂದೂ ಬರೆದರು. ಇಲ್ಲಿಯೂ ಅದೇ ಸಾಕ್ಷಿ. ಸೇರಿದ್ದು ಎಲ್ಲರ ಮುಂದೆ ಆದ್ದರಿಂದ ಬಿಡುವುದೂ ಎಲ್ಲರ ಮುಂದೆಯೇ.

ಹೊಡೆತದ ವಿಷಯದಲ್ಲಿ ನಮ್ಮ ಪರಂಪರೆಯ ದಾಖಲೆ ಹೆಮ್ಮೆಪಡುವಂಥದ್ದಲ್ಲ. ಜಿನೀವಾ ಹೊಡೆಯುವ ಗಂಡನನ್ನು ಗದರಿಸಿತು, ಆದರೆ ಕ್ರೌರ್ಯವೊಂದನ್ನೇ ಕಾರಣವಾಗಿಟ್ಟು ವಿಚ್ಛೇದನ ಕೊಡಲಿಲ್ಲ. ಇಂಗ್ಲೆಂಡಿನ ಪ್ಯೂರಿಟನ್ ವಿಲಿಯಂ ಪರ್ಕಿನ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಸಂಗಾತಿಯನ್ನು ಬಿಟ್ಟು ಹೋಗುವುದೂ ಬೆದರಿಸಿ ಓಡಿಸುವುದೂ ಸಮ ಎಂಬರ್ಥದಲ್ಲಿ ಬರೆದ. ಮನೆಯಲ್ಲೇ ಕೂತು ಹೆಂಡತಿಯ ಬದುಕನ್ನು ಅಸಾಧ್ಯ ಮಾಡಿದವನು ಅವಳನ್ನು ಆಗಲೇ ಬಿಟ್ಟುಹೋಗಿದ್ದಾನೆ ಎಂಬ ಈ ವಾದವನ್ನು ಇಂದಿನ ಹಲವು ರಿಫಾರ್ಮ್ಡ್ ಪಾಲಕರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಕಣ್ಣಿನ ಕೆಳಗೆ ಕಪ್ಪಾಗಿ ಬಂದ ಹೆಂಗಸಿಗೆ ‘ಸಹಿಸಿಕೋ ತಾಯಿ, ಪ್ರಾರ್ಥನೆ ಮಾಡು, ಅವನೂ ಬದಲಾಗುತ್ತಾನೆ’ ಎಂದು ಹೇಳಿ ಅದೇ ಸಂಜೆಯ ಬಸ್ಸಿಗೆ ಹತ್ತಿಸಿ ಕಳಿಸುವುದನ್ನು ಬೇರೊಂದು ಊರಿನ ಸಭೆಯಲ್ಲಿ ಕಂಡಿದ್ದೇನೆ. ಆ ಹಿರಿಯರು ಮದುವೆಯ ಪಾವಿತ್ರ್ಯವನ್ನು ಕಾಪಾಡಿದೆವೆಂದು ನಂಬಿದ್ದರು. ಮಲಾಕಿಯನ ಪುಸ್ತಕದಲ್ಲಿ ದೇವರು ಸಾಕ್ಷಿ ನಿಂತಿರುವುದು ಯಾರ ಪರವಾಗಿ ಎಂದು ಅವರಲ್ಲಿ ಒಬ್ಬರಾದರೂ ನೋಡಬೇಕಿತ್ತು.

ಕಾನೂನು ಕೂಡ ನಮ್ಮ ಹೆಂಗಸರನ್ನು ಬಹುಕಾಲ ಕಾಯಿಸಿತು. 1869ರ ಭಾರತೀಯ ವಿಚ್ಛೇದನ ಕಾಯಿದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗುತ್ತಿತ್ತು. ಹೆಂಡತಿಯಾದರೆ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸೇರಿಸಿ ಸಾಬೀತು ಮಾಡಬೇಕಿತ್ತು. 2001ರ ತಿದ್ದುಪಡಿಯಲ್ಲಿ ಕಾರಣಗಳು ಇಬ್ಬರಿಗೂ ಸಮವಾದವು, ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ಎರಡನೆಯದರ ಬಗ್ಗೆ ರಿಫಾರ್ಮ್ಡ್ ಮನಸ್ಸಿಗೆ ಅಳುಕಿದೆ, ಏಕೆಂದರೆ ಇಬ್ಬರೂ ಒಪ್ಪಿದರೂ ಮೂರನೆಯ ಸಾಕ್ಷಿ ಒಪ್ಪಿದನೇ ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲನೆಯದರ ಬಗ್ಗೆ ಅಳುಕಬೇಕಾದ್ದು ಏನೂ ಇಲ್ಲ. ನೂರ ಮೂವತ್ತು ವರ್ಷ ತಡವಾಯಿತು, ಅಷ್ಟೇ.

ಮದುವೆಯಾಗದವರ ಬಗ್ಗೆ ಒಂದು ಮಾತು ಇಲ್ಲದಿದ್ದರೆ ಈ ಬರಹ ಕುಂಟುತ್ತದೆ. ಬ್ರಹ್ಮಚರ್ಯವೇ ಮೇಲು ಎಂಬುದನ್ನು ಸುಧಾರಕರು ನಿರಾಕರಿಸಿದ್ದು ಸರಿ, ಆದರೆ ಅವರ ಮಕ್ಕಳಾದ ನಾವು ಮದುವೆಯೇ ಮೇಲು ಎಂದು ಲೋಲಕವನ್ನು ಇನ್ನೊಂದು ಗೋಡೆಗೆ ಬಡಿದಿದ್ದೇವೆ. ಹೈಡಲ್‌ಬರ್ಗ್‌ನ ಪ್ರಶ್ನೋತ್ತರವು ಮದುವೆಯಲ್ಲಾಗಲಿ ಅದರ ಹೊರಗಾಗಲಿ ಶುದ್ಧರಾಗಿ ಬಾಳಬೇಕೆಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತ್ತು. ಹಾಸನದ ಮಿಷನ್ ಆಸ್ಪತ್ರೆಯಲ್ಲಿ ಮದುವೆಯಾಗದೆ ದುಡಿದ ಹೆಂಗಸರ ಕೈಯಲ್ಲಿ ಈ ಊರಿನ ಎಷ್ಟು ಮಕ್ಕಳು ಹುಟ್ಟಿಲ್ಲ! ಪುನರುತ್ಥಾನದಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂದ ಕರ್ತನ ಮಾತಿನ ಪ್ರಕಾರ ಅವರು ನಮಗಿಂತ ಮುಂಚೆ ಅಲ್ಲಿಯ ರೂಢಿ ಕಲಿತವರು.

ಆ ಮಾತಿಗೆ ಇನ್ನೊಂದು ಮುಖವಿದೆ. ಏಳು ಜನ್ಮದ ಬಂಧ ಎಂದು ಹಾಡುವ ನಾಡಿನಲ್ಲಿ, ನಮ್ಮ ಪ್ರಮಾಣ ‘ದೇವರು ಮರಣದಿಂದ ನಮ್ಮನ್ನು ಅಗಲಿಸುವ ತನಕ’ ಎಂದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ವಿಧವೆಯ ಮದುವೆಗೆ ನಮ್ಮಲ್ಲಿ ಕುಂದಿಲ್ಲ. ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ 1524ರಲ್ಲಿ ಬಹಿರಂಗವಾಗಿ ಮದುವೆಯಾದದ್ದು ವಿಧವೆಯನ್ನು, ಕ್ಯಾಲ್ವಿನನದೂ ಹಾಗೇ. ವಿಬ್ರಾಂಡಿಸ್ ರೋಸೆನ್‌ಬ್ಲಾಟ್ ಎಂಬಾಕೆಯಂತೂ ಮೊದಲ ಗಂಡ ಸತ್ತ ಮೇಲೆ ಈಕೊಲಾಂಪಾಡಿಯಸ್, ಕ್ಯಾಪಿಟೊ, ಬ್ಯೂಸರ್ ಎಂಬ ಮೂವರು ಸುಧಾರಕರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗಿ, ಮೂವರನ್ನೂ ಮಣ್ಣು ಮಾಡಿ, ಎಲ್ಲರ ಮಕ್ಕಳನ್ನೂ ಸಾಕಿದಳು. ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂಬ ಹೆಸರಿನಲ್ಲಿ ವಿಧವೆಯರು ಮತ್ತೆ ಮದುವೆಯಾಗುತ್ತಿದ್ದದ್ದು ಹಳೆಯ ಸಂಗತಿಯೇ. ಆದರೆ ಅದು ಸಾಮಾನ್ಯವಾಗಿ ವಾದ್ಯವಿಲ್ಲದೆ, ಹಸೆಯಿಲ್ಲದೆ, ಕತ್ತಲಾದ ಮೇಲೆ ಸೀರೆ ಉಡಿಸಿ ಮುಗಿಸುವ ಕೆಳಗಿನ ದರ್ಜೆಯ ಮದುವೆಯಾಗಿತ್ತು. ಈಚೆಗೆ ಸಕಲೇಶಪುರದ ಕಡೆಯ ಒಬ್ಬ ವಿಧವೆಯ ಮದುವೆ ನಮ್ಮ ಸಭೆಯಲ್ಲಿ ಗೊತ್ತಾದಾಗ, ಮೊದಲ ಗಂಡನ ಮನೆಯವರೂ ಅವಳ ಅಣ್ಣಂದಿರೂ ಒಟ್ಟಾಗಿ ಬಂದು, ಪ್ರಕಟಣೆ ಬೇಡ, ವಾರದ ನಡುವೆ ಒಂದು ರಾತ್ರಿ ಮನೆಯಲ್ಲೇ ಪ್ರಾರ್ಥನೆ ಮಾಡಿ ಮುಗಿಸಿಬಿಡಿ ಎಂದು ಕೇಳಿದರು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಸಾಮಾನ್ಯ ನಿಯಮದಂತೆ ಮದುವೆ ಬೆಳಿಗ್ಗೆ ಆರರಿಂದ ಸಂಜೆ ಏಳರ ಒಳಗೆ ಆಗಬೇಕು ಎಂದು ನಮ್ಮ ಪಾಲಕರು ಮೊದಲು ಕಾನೂನಿನ ಹಿಂದೆ ನಿಂತರು, ಆಮೇಲೆ ಅಸಲು ಕಾರಣವನ್ನೂ ಹೇಳಿದರು. ಮೂರು ಭಾನುವಾರ ಅವಳ ಹೆಸರನ್ನು ಎಲ್ಲರ ಹೆಸರಿನಂತೆಯೇ ಓದಲಾಯಿತು. ಶನಿವಾರ ಹನ್ನೊಂದು ಗಂಟೆಗೆ, ಇಪ್ಪತ್ತರ ಹುಡುಗಿಯರು ಹೇಳುವ ಅದೇ ಪ್ರಮಾಣವನ್ನು ಅವಳು ಹೇಳಿದಳು. ರಿಜಿಸ್ಟರಿನಲ್ಲಿ ಸ್ಥಿತಿ ಎಂಬ ಕಾಲಮಿನಲ್ಲಿ ‘ವಿಧವೆ’ ಎಂದು ಬರೆದು, ಸಾಕ್ಷಿಗಳ ಸಾಲಿಗೆ ಬಂದಾಗ, ಪಾಲಕರು ಪೆನ್ನನ್ನು ಅವಳ ಮೊದಲ ಗಂಡನ ತಮ್ಮನ ಕಡೆಗೆ ಚಾಚಿದರು. ಅವನು ಸ್ವಲ್ಪ ಹಿಂದೆಮುಂದೆ ನೋಡಿ ಸಹಿ ಹಾಕಿದ, ಅವನ ಕೆಳಗೆ ನಾನು ಹಾಕಿದೆ.